ಪಂದ್ಯದ ಕೊನೆ ಡಿಸ್ಕಿನ ಅಂಚಿನಲ್ಲಿರುತ್ತದೆ

ಡಿವಿಡಿಯ ಮೇಲೆ ಬರೆಯುವ ಲೇಸರ್ ಒಳಗಿನ ಸುತ್ತಿನಿಂದ ಶುರುಮಾಡಿ ಹೊರಗಿನ ಅಂಚಿನತ್ತ ಸಾಗುತ್ತದೆ. ಟಾಸ್, ಆಟಗಾರರ ಪರಿಚಯ, ಮೊದಲ ಓವರ್ ಎಲ್ಲ ನಡುವಿನ ತೂತಿನ ಹತ್ತಿರ ಭದ್ರವಾಗಿ ಕೂತಿರುತ್ತವೆ. ಡಿಸ್ಕ್ ತುಂಬುವಷ್ಟು ರೆಕಾರ್ಡ್ ಮಾಡಿದ್ದರೆ ಕೊನೆಯ ಓವರ್, ಹೆಚ್ಚುವರಿ ಸಮಯದ ಗೋಲು, ಟೈಬ್ರೇಕರ್ ಇರುವುದು ಹೊರ ಅಂಚಿನಲ್ಲಿ. ಹಿಡಿಯುವಾಗ ಬೆರಳು ತಾಗುವುದು ಅಲ್ಲೇ, ಕವರಿನೊಳಗೆ ತುರುಕುವಾಗ ಉಜ್ಜುವುದು ಅಲ್ಲೇ, ಎರಡು ಪ್ಲಾಸ್ಟಿಕ್ ತಟ್ಟೆಗಳನ್ನು ಜೋಡಿಸಿದ ಅಂಟು ಬಿಡತೊಡಗುವುದೂ ಸಾಮಾನ್ಯವಾಗಿ ಅಲ್ಲಿಂದಲೇ. ಹಳೆಯ ಡಿಸ್ಕ್ ಹಾಕಿದಾಗ ಆಟವೆಲ್ಲ ಸಲೀಸಾಗಿ ಓಡಿ, ಗೆಲ್ಲಲು ಆರು ರನ್ ಬೇಕು ಅನ್ನುವಾಗ ಚಿತ್ರ ಚೌಕಚೌಕವಾಗಿ ಒಡೆದು ನಿಂತುಬಿಟ್ಟರೆ ಹಣೆಬರಹವನ್ನು ಬೈದು ಪ್ರಯೋಜನವಿಲ್ಲ. ಡಿಸ್ಕಿನ ರಚನೆಯೇ ಹಾಗಿದೆ.

ಹೀಗಾಗಿ ಮನೆಯಲ್ಲಿ ರೆಕಾರ್ಡ್ ಮಾಡಿದ ಪಂದ್ಯಗಳನ್ನು ಕಂಪ್ಯೂಟರಿಗೆ ಇಳಿಸಿ, ಬೇಡದ್ದನ್ನು ಕತ್ತರಿಸಿ, ಹೊಸ ಡಿಸ್ಕಿಗೆ ಬರ್ನ್ ಮಾಡುವ ಕೆಲಸ ಇಂದಿಗೂ ಮುಗಿದಿಲ್ಲ. ಇದರಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಯಾವುದೋ ಕನ್ವರ್ಟರ್ ತಂತ್ರಾಂಶ ತೆರೆದು ಡಿಸ್ಕನ್ನು ಎಂಪಿ4 ಮಾಡುತ್ತಾರೆ, ಅದನ್ನು ಎಡಿಟ್ ಮಾಡಿ ಇನ್ನೊಮ್ಮೆ ಸೇವ್ ಮಾಡುತ್ತಾರೆ, ಆಮೇಲೆ ಡಿವಿಡಿ ಮಾಡುವ ತಂತ್ರಾಂಶಕ್ಕೆ ಕೊಟ್ಟಾಗ ಅದು ಮತ್ತೊಮ್ಮೆ ಡಿವಿಡಿಯ ವಿಡಿಯೊ ರೂಪವಾದ ಎಂಪೆಗ್-2ಕ್ಕೆ ತಿರುಗಿಸುತ್ತದೆ. ಜಾಗ ಉಳಿಸಲು ರೆಕಾರ್ಡರ್ ಮೊದಲೇ ಒಮ್ಮೆ ಹಿಂಡಿದ ಚಿತ್ರವನ್ನು ಮತ್ತೆ ಮೂರು ಬಾರಿ ಹಿಂಡಿದಂತಾಯಿತು. ಹಿಂಡಿದ್ದನ್ನೇ ಹಿಂಡಿದರೆ ಕೊನೆಗೆ ಕೈಯಲ್ಲಿ ಉಳಿಯುವುದು ಸಿಪ್ಪೆ. ಸುದ್ದಿ ಓದುವವರ ಮುಖವಾದರೆ ಈ ಹಿಂಸೆಯನ್ನು ಹೇಗೋ ತಡೆದುಕೊಳ್ಳುತ್ತದೆ, ಕ್ರೀಡೆ ತಡೆಯುವುದಿಲ್ಲ. ಮೈದಾನದ ಹುಲ್ಲು, ಗ್ಯಾಲರಿಯ ಸಾವಿರ ತಲೆಗಳು, ಚೆಂಡಿನ ಹಿಂದೆ ಓಡುವ ಕ್ಯಾಮೆರಾ ಎಲ್ಲವೂ ಒಟ್ಟಿಗೆ ಅಲುಗುವ ಕಡೆ ಎನ್‌ಕೋಡರಿಗೆ, ಅಂದರೆ ಚಿತ್ರವನ್ನು ಹಿಂಡುವ ತಂತ್ರಾಂಶಕ್ಕೆ, ಉಸಿರು ಕಟ್ಟುತ್ತದೆ. ಮೊದಲು ಹುಲ್ಲು ಹಸಿರು ಬಣ್ಣ ಬಳಿದ ಗೋಡೆಯಂತಾಗುತ್ತದೆ, ಆಮೇಲೆ ಚೆಂಡೇ ಮಾಯ.

ಈ ಕೆಲಸದ ಬಹುಪಾಲನ್ನು ಒಂದೇ ಒಂದು ಫ್ರೇಮನ್ನೂ ಮತ್ತೆ ಎನ್‌ಕೋಡ್ ಮಾಡದೆ ಮುಗಿಸಬಹುದು. ಎಲ್ಲಿ ಅದು ಆಗುವುದಿಲ್ಲ, ಅಲ್ಲಿ ಮಾತ್ರ ಬೇಕಾದಷ್ಟೇ ಚೂರನ್ನು ಎನ್‌ಕೋಡ್ ಮಾಡಿದರೆ ಸಾಕು.

ಮೊದಲು ಕೈಯಲ್ಲಿರುವ ಡಿಸ್ಕ್ ಎಂಥದ್ದು ಎಂದು ನೋಡಿ. ಟಿವಿಯ ಪಕ್ಕ ಇಡುವ ರೆಕಾರ್ಡರುಗಳು ಎರಡು ರೀತಿಯಲ್ಲಿ ಬರೆಯುತ್ತವೆ. ಒಂದು ವಿಡಿಯೊ ಮೋಡ್. ಇದರಲ್ಲಿ ವಿಡಿಯೊ_ಟಿಎಸ್ ಎಂಬ ಫೋಲ್ಡರ್, ಅದರೊಳಗೆ ಏನು ಎಲ್ಲಿದೆ ಎಂಬ ಪಟ್ಟಿಯ ಐಎಫ್‌ಒ, ಆ ಪಟ್ಟಿಯ ನಕಲಾದ ಬಿಯುಪಿ, ವಿಡಿಯೊ ತುಂಬಿದ ವಿಒಬಿ ಕಡತಗಳು ಇರುತ್ತವೆ. ಇನ್ನೊಂದು ವಿಆರ್ ಮೋಡ್. ಇದರಲ್ಲಿ ಡಿವಿಡಿ_ಆರ್‌ಟಿಎವಿ ಎಂಬ ಫೋಲ್ಡರ್, ಅದರಲ್ಲಿ ಇಡೀ ರೆಕಾರ್ಡಿಂಗ್ ತುಂಬಿದ ಒಂದೇ ದೊಡ್ಡ ವಿಆರ್‌ಒ ಕಡತ. ಡಿವಿಡಿ-ಆರ್‌ಡಬ್ಲ್ಯೂ ಮತ್ತು ಡಿವಿಡಿ-ರ‍್ಯಾಮ್ ಡಿಸ್ಕುಗಳಲ್ಲಿ ವಿಆರ್ ಮೋಡ್ ಹೆಚ್ಚಾಗಿ ಕಾಣುತ್ತದೆ. ಕ್ಯಾಮೆರಾದಲ್ಲಿ ನೇರ ರೆಕಾರ್ಡ್ ಆದ 8 ಸೆಂಟಿಮೀಟರಿನ ಚಿಕ್ಕ ಡಿಸ್ಕುಗಳು ಬೇರೆ. ಅವು 1.4 ಜಿಬಿಯವು, ಸಾಧಾರಣ ಗುಣಮಟ್ಟದಲ್ಲಿ ಅರ್ಧ ಗಂಟೆ ಹಿಡಿಯುತ್ತವೆ. ಇವನ್ನು ಸೀಳಿನೊಳಗೆ ಎಳೆದುಕೊಳ್ಳುವ ಡ್ರೈವಿಗೆ ಹಾಕಬೇಡಿ, ಒಳಗೇ ಸಿಕ್ಕಿಕೊಳ್ಳುತ್ತವೆ. ತಟ್ಟೆ ಹೊರಬರುವ ಡ್ರೈವೇ ಬೇಕು.

ಕಂಪ್ಯೂಟರ್ ಡಿಸ್ಕನ್ನು ಖಾಲಿ ಎಂದು ತೋರಿಸಿದರೆ ಗಾಬರಿ ಬೇಡ, ಅದನ್ನು ಫೈನಲೈಸ್ ಮಾಡಿರುವುದಿಲ್ಲ, ಅಷ್ಟೆ. ಫೈನಲೈಸ್ ಎಂದರೆ ರೆಕಾರ್ಡರ್ ಕೊನೆಯಲ್ಲಿ ಕಡತಗಳ ಪಟ್ಟಿ, ಮೆನು ಮತ್ತು ಡಿಸ್ಕಿನ ಅಂತ್ಯದ ಗುರುತನ್ನು ಬರೆದು ಮುಚ್ಚುವುದು. ಅದಿಲ್ಲದೆ ಆಟವೆಲ್ಲ ಡಿಸ್ಕಿನ ಮೇಲಿದ್ದರೂ ಅದು ಎಲ್ಲಿದೆ ಎಂದು ಹೇಳುವವರಿಲ್ಲ. ಆ ರೆಕಾರ್ಡರ್, ಇಲ್ಲವೇ ಅದೇ ಕಂಪನಿಯ ಅದೇ ಸರಣಿಯ ಇನ್ನೊಂದು ಸಿಕ್ಕಿದರೆ ಅದರಲ್ಲೇ ಫೈನಲೈಸ್ ಮಾಡುವುದು ಎಲ್ಲಕ್ಕಿಂತ ಸುಲಭ. ಸಿಗದಿದ್ದರೆ ಐಸೋಬಸ್ಟರ್‌ನಂಥ ತಂತ್ರಾಂಶ ಟ್ರ್ಯಾಕುಗಳನ್ನು ನೇರವಾಗಿ ಓದಿ ವಿಡಿಯೊವನ್ನು ಹೊರತೆಗೆಯಬಲ್ಲದು. ಇದಕ್ಕೆ ಬರೀ ಓದುವ ಡ್ರೈವಿಗಿಂತ ಬರೆಯುವ ಡ್ರೈವ್ ಮೇಲು, ಏಕೆಂದರೆ ಅರ್ಧ ಬರೆದ ಡಿಸ್ಕನ್ನು ಅರ್ಥಮಾಡಿಕೊಳ್ಳುವುದು ಅದರ ನಿತ್ಯದ ಕೆಲಸ. ಒಂದು ಎಚ್ಚರಿಕೆ: ಹೊಸ ರೆಕಾರ್ಡರಿಗೋ ವಿಂಡೋಸ್‌ಗೋ ಇಂಥ ಡಿಸ್ಕ್ ಹಾಕಿದಾಗ ಫಾರ್ಮ್ಯಾಟ್ ಮಾಡಲೇ, ಇನಿಷಿಯಲೈಸ್ ಮಾಡಲೇ ಎಂದು ಅದು ಬಹಳ ವಿನಯದಿಂದ ಕೇಳುತ್ತದೆ. ಪದೇ ಪದೇ ಬರೆಯಬಹುದಾದ ಡಿಸ್ಕಿನ ಮೇಲೆ ಆ ಒಂದು ‘ಸರಿ’ ಇಡೀ ಪಂದ್ಯವನ್ನು ಅಳಿಸುತ್ತದೆ.

ಇನ್ನು ಇಳಿಸುವ ಕೆಲಸ. ಡಿಸ್ಕಿನಿಂದ ನೇರವಾಗಿ ಎಡಿಟ್ ಮಾಡಬೇಡಿ, ಕಡತಗಳನ್ನು ಒಂದೊಂದಾಗಿ ಎಳೆದು ಹಾಕಿಕೊಳ್ಳಲೂ ಬೇಡಿ. ಮೊದಲು ಇಡೀ ಡಿಸ್ಕಿನ ಐಎಸ್‌ಒ ಇಮೇಜ್, ಅಂದರೆ ಡಿಸ್ಕನ್ನು ಇದ್ದ ಹಾಗೇ ನಕಲಿಸಿದ ಒಂದೇ ಕಡತ, ಮಾಡಿಕೊಳ್ಳಿ. ಡಿಸ್ಕ್ ಓದುವ, ಬರೆಯುವ ತಂತ್ರಾಂಶವಾದ ಇಮ್ಗ್‌ಬರ್ನ್‌ನ ಓದುವ ವಿಭಾಗ ಇದನ್ನು ಚೆನ್ನಾಗಿ ಮಾಡುತ್ತದೆ. ಅಂಚಿನಲ್ಲಿ ಓದಲು ತೊಡಕಾದರೆ ಓದುವ ವೇಗವನ್ನು ಇಳಿಸಿ ನೋಡಿ. ಆಗಲೂ ಆಗದಿದ್ದರೆ ಲಿನಕ್ಸಿನ ಡಿಡಿರೆಸ್ಕ್ಯೂ ಬಳಸಿ, ಸೆಕ್ಟರ್ (ಡಿಸ್ಕಿನ ಮೇಲಿನ ಮಾಹಿತಿಯ ಒಂದು ತುಣುಕು) ಗಾತ್ರ 2048 ಬೈಟ್ ಎಂದು ಕೊಟ್ಟು ಓಡಿಸಿ. ಅದು ಮೊದಲ ಸುತ್ತಿನಲ್ಲಿ ಸುಲಭವಾಗಿ ಸಿಗುವುದನ್ನೆಲ್ಲ ಬಾಚಿಕೊಂಡು, ಹಟ ಮಾಡುವ ಜಾಗಗಳನ್ನು ಒಂದು ಕಡತದಲ್ಲಿ ಗುರುತು ಹಾಕಿಟ್ಟು, ಆಮೇಲೆ ಅವುಗಳ ಬೆನ್ನು ಹತ್ತುತ್ತದೆ. ಆ ಗುರುತಿನ ಕಡತ ಉಳಿಸಿಕೊಂಡು ಅದೇ ಡಿಸ್ಕನ್ನು ಬೇರೆ ಡ್ರೈವಿಗೆ ಹಾಕಿ ಮುಂದುವರಿಸಬಹುದು. ಒಂದು ಡ್ರೈವ್ ಕೈಚೆಲ್ಲಿದ ಜಾಗವನ್ನು ಇನ್ನೊಂದು ಸಲೀಸಾಗಿ ಓದುವುದು ತೀರಾ ಸಾಮಾನ್ಯ. ಎರಡು ಮೂರು ಬೇರೆ ಬೇರೆ ತಯಾರಿಕೆಯ ಡ್ರೈವುಗಳನ್ನು ಇಟ್ಟುಕೊಳ್ಳುವುದು ಯಾವ ತಂತ್ರಾಂಶಕ್ಕಿಂತಲೂ ಹೆಚ್ಚು ಫಲ ಕೊಡುತ್ತದೆ.

ಓದಲಾಗದ ಜಾಗ ಉಳಿದೇಬಿಟ್ಟರೆ ನಷ್ಟ ಎಷ್ಟು? ಡಿವಿಡಿಯಲ್ಲಿ ತಪ್ಪು ತಿದ್ದುವ ಲೆಕ್ಕ 16 ಸೆಕ್ಟರುಗಳ ಗುಂಪಿಗೆ ಒಂದರಂತೆ ನಡೆಯುತ್ತದೆ. ಗುಂಪೊಂದು ಕೈಕೊಟ್ಟರೆ ಹೋಗುವುದು 32 ಕಿಲೋಬೈಟ್. ಸೆಕೆಂಡಿಗೆ 5 ಮೆಗಾಬಿಟ್ ವೇಗದ ವಿಡಿಯೊದಲ್ಲಿ ಅದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ, ಅಂದರೆ ಸರಾಸರಿ ಒಂದೆರಡು ಫ್ರೇಮ್. ಆದರೆ ಮುಂದಿನ ಫ್ರೇಮುಗಳು ಹಿಂದಿನವನ್ನು ನೆಚ್ಚಿಕೊಂಡಿರುವುದರಿಂದ ಪರದೆಯ ಮೇಲೆ ಅರ್ಧ ಸೆಕೆಂಡು ಕಲೆ ಕಾಣುತ್ತದೆ. ಅರ್ಧ ಸೆಕೆಂಡಷ್ಟೇ. ಪ್ಲೇಯರ್ ಮಾತ್ರ ಆ ಜಾಗದಲ್ಲಿ ನಿಂತು ತಡಕಾಡಿ ಕೊನೆಗೆ ಡಿಸ್ಕನ್ನೇ ತಿರಸ್ಕರಿಸುತ್ತದೆ. ಇಮೇಜ್ ಮಾಡಿಕೊಂಡು ಆ 32 ಕಿಲೋಬೈಟನ್ನು ಸೊನ್ನೆಗಳಿಂದ ತುಂಬಿದರೆ ಸತ್ತೇ ಹೋಯಿತು ಎಂದುಕೊಂಡ ಪಂದ್ಯ ಒಂದು ಸಣ್ಣ ಕಲೆಯೊಂದಿಗೆ ಬದುಕಿಕೊಳ್ಳುತ್ತದೆ.

ಓದುವ ಮೊದಲು ಡಿಸ್ಕ್ ಒರೆಸುವುದಾದರೆ ಮೆತ್ತನೆಯ, ಎಳೆ ಬಿಡದ ಬಟ್ಟೆಯಿಂದ ನಡುವಿನಿಂದ ಅಂಚಿನತ್ತ ನೇರವಾಗಿ ಎಳೆಯಿರಿ. ಸುತ್ತಸುತ್ತ ಉಜ್ಜಿದರೆ ಬೀಳುವ ಗೀರು ಲೇಸರಿನ ದಾರಿಯುದ್ದಕ್ಕೂ ಬೀಳುತ್ತದೆ, ಅದನ್ನು ತಿದ್ದುವುದು ಡ್ರೈವಿಗೆ ಬಲು ಕಷ್ಟ. ಅಡ್ಡ ಗೀರನ್ನಾದರೆ ಅದು ಹೇಗೋ ದಾಟಿಕೊಳ್ಳುತ್ತದೆ.

ಇಮೇಜ್ ಕೈಗೆ ಬಂದ ಮೇಲೆ ಒಳಗಿನ ಕಡತಗಳತ್ತ ಬರೋಣ. ವಿಒಬಿ ಕಡತ ಒಂದೊಂದೂ 1 ಜಿಬಿ ಆದಕೂಡಲೇ ಮುರಿದು ಮುಂದಿನದು ಶುರುವಾಗುತ್ತದೆ. ಮುರಿಯುವಾಗ ಅದು ಚೆಂಡು ಗಾಳಿಯಲ್ಲಿದೆಯೋ ಇಲ್ಲವೋ ನೋಡುವುದಿಲ್ಲ. ಅದಕ್ಕೇ ಇವನ್ನು ಒಂದೊಂದಾಗಿ ಎಡಿಟರಿಗೆ ಹಾಕಿದರೆ ಸೇರುವೆಗಳಲ್ಲಿ ಚಿತ್ರ ಎಗರುತ್ತದೆ. ಕ್ರಮವಾಗಿ ಬೈಟಿಗೆ ಬೈಟ್ ಜೋಡಿಸಿ ಒಂದೇ ಕಡತ ಮಾಡಿದರೆ ಸೇರುವೆ ಕಾಣುವುದಿಲ್ಲ. ಹೆಸರಿನ ಕೊನೆಯಲ್ಲಿ ಸೊನ್ನೆ ಇರುವ ವಿಒಬಿ ಮೆನುವಿನದು, ಅದನ್ನು ಬಿಟ್ಟುಬಿಡಿ. ಇದಕ್ಕಿಂತ ಉತ್ತಮ ದಾರಿಯೆಂದರೆ ಐಎಫ್‌ಒ ಓದಬಲ್ಲ ತಂತ್ರಾಂಶಕ್ಕೆ ಕೆಲಸ ಒಪ್ಪಿಸುವುದು. ಮೇಕ್‌ಎಂಕೆವಿ ಟೈಟಲ್ (ಡಿಸ್ಕಿನಲ್ಲಿ ಒಂದೇ ಓಟದಲ್ಲಿ ಓಡುವ ಒಂದು ಕಾರ್ಯಕ್ರಮ) ಒಂದಕ್ಕೆ ಒಂದು ಕಡತ ಮಾಡಿ ಕೊಡುತ್ತದೆ, ಎನ್‌ಕೋಡ್ ಮಾಡುವುದಿಲ್ಲ. ಕಮಾಂಡ್ ಬರೆದು ನಡೆಸುವ ವಿಡಿಯೊ ತಂತ್ರಾಂಶ ಎಫ್‌ಎಫ್‌ಎಂಪೆಗ್‌ನ 7.0 ಆವೃತ್ತಿಯಿಂದ ಡಿವಿಡಿಯನ್ನು ಟೈಟಲ್ ಸಮೇತ ಓದುವ ವ್ಯವಸ್ಥೆ ಬಂದಿದೆ. ಬರೀ ವಿಒಬಿ ಜೋಡಿಸಿದರೆ ಇನ್ನೊಂದು ತಮಾಷೆ ಆಗುತ್ತದೆ: ರೆಕಾರ್ಡರಿನಲ್ಲಿ ಎಂದೋ ಅಳಿಸಿದ್ದ ಜಾಹೀರಾತುಗಳು ಮತ್ತೆ ಎದ್ದು ಬರುತ್ತವೆ. ಒಮ್ಮೆ ಬರೆಯುವ ಡಿಸ್ಕಿನಲ್ಲಿ ‘ಅಳಿಸು’ ಎಂದರೆ ಪಟ್ಟಿಯಿಂದ ಹೆಸರು ತೆಗೆ ಎಂದಷ್ಟೇ ಅರ್ಥ. ಜಾಗವೂ ಮರಳಿ ಸಿಗುವುದಿಲ್ಲ, ವಿಡಿಯೊವೂ ಹೋಗುವುದಿಲ್ಲ. ವಿಆರ್‌ಒ ಕಡತದಲ್ಲೂ ಇದೇ ಕಥೆ. ಅದರ ಹೆಸರಿನ ಬಾಲ ಬದಲಿಸಿ ಎಂಪಿಜಿ ಎಂದಿಟ್ಟರೆ ಬಹುತೇಕ ಪ್ಲೇಯರುಗಳಲ್ಲಿ ಓಡುತ್ತದೆ, ಆದರೆ ರೆಕಾರ್ಡರಿನಲ್ಲಿ ಕೂತು ಮಾಡಿದ ಪ್ಲೇಲಿಸ್ಟ್ ಎಡಿಟಿಂಗ್ ಪಕ್ಕದ ಐಎಫ್‌ಒ ಕಡತದಲ್ಲಿ ಇರುವುದರಿಂದ ಜೊತೆಗೆ ಬರುವುದಿಲ್ಲ.

ಕ್ರೀಡಾ ರೆಕಾರ್ಡಿಂಗಿನಲ್ಲಿ ತಪ್ಪದೆ ಸಿಗುವ ತೊಂದರೆ ಸಮಯದ ಮುದ್ರೆಯದು, ಅಂದರೆ ಪ್ರತಿ ಫ್ರೇಮ್ ಯಾವಾಗ ತೋರಬೇಕು ಎಂದು ಹೇಳುವ ಗುರುತಿನದು. ಜಾಹೀರಾತು ಬಂದಾಗಲೆಲ್ಲ ಪಾಸ್ ಒತ್ತಿ, ಆಟ ಶುರುವಾದಾಗ ಬಿಟ್ಟು ಮಾಡಿದ ರೆಕಾರ್ಡಿಂಗಿನಲ್ಲಿ ಪ್ರತಿ ಸಲ ಗಡಿಯಾರ ಸೊನ್ನೆಯಿಂದ ಎದ್ದಿರಬಹುದು. ಜೋಡಿಸಿದ ಕಡತ 3 ಜಿಬಿ ಇದ್ದರೂ ಪ್ಲೇಯರ್ ಅದರ ಉದ್ದ ಹನ್ನೆರಡು ನಿಮಿಷ ಎನ್ನುತ್ತದೆ, ಮುಂದೆ ಜಿಗಿದರೆ ಎಲ್ಲೆಲ್ಲೋ ಹೋಗುತ್ತದೆ, ಕೆಲವೊಮ್ಮೆ ಬ್ಯಾಟಿನ ಸದ್ದು ಚೆಂಡಿಗಿಂತ ಮುಂಚೆ ಕೇಳುತ್ತದೆ. ಎಡಿಟ್ ಮಾಡುವ ಮೊದಲೇ ಸಮಯದ ಮುದ್ರೆಗಳನ್ನು ಹೊಸದಾಗಿ ಹಾಕಿಸಿಕೊಳ್ಳಿ. ಹಳೆಯದಾದರೂ ಪ್ರಾಜೆಕ್ಟ್-ಎಕ್ಸ್ ಎಂಬ ತಂತ್ರಾಂಶ ಈ ಕೆಲಸದಲ್ಲಿ ಗಟ್ಟಿ. ಅದು ಚಿತ್ರ, ಧ್ವನಿ ಎರಡನ್ನೂ ಬೇರ್ಪಡಿಸಿ, ಕಡಿದ ಜಾಗಗಳಲ್ಲಿ ಧ್ವನಿಯನ್ನು ಚಿತ್ರಕ್ಕೆ ಹೊಂದಿಸಿ ಕೊಡುತ್ತದೆ. ಇದನ್ನು ಮುಂದಕ್ಕೆ ಹಾಕಿದವರು ಕತ್ತರಿ ಕೆಲಸವೆಲ್ಲ ಮುಗಿದ ಮೇಲೆ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಈಗ ಕತ್ತರಿ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಎಂಪೆಗ್-2ರಲ್ಲಿ ಫ್ರೇಮುಗಳೆಲ್ಲ ಸಮಾನರಲ್ಲ. ಐ-ಫ್ರೇಮ್ ಒಂದು ಪೂರ್ತಿ ಚಿತ್ರ. ಪಿ-ಫ್ರೇಮ್ ತನ್ನ ಹಿಂದಿನದರಿಂದ ಏನು ಬದಲಾಯಿತು ಎಂದಷ್ಟೇ ಹೇಳುತ್ತದೆ. ಬಿ-ಫ್ರೇಮ್ ಹಿಂದಿನದು ಮುಂದಿನದು ಎರಡನ್ನೂ ನೋಡಿಕೊಂಡು ತನ್ನನ್ನು ಕಟ್ಟಿಕೊಳ್ಳುತ್ತದೆ. ಭಾರತದ ಟಿವಿ ಮಾದರಿಯಾದ ಪ್ಯಾಲ್‌ನ, ಸೆಕೆಂಡಿಗೆ 25 ಫ್ರೇಮಿನ ಡಿವಿಡಿಯಲ್ಲಿ ಐ-ಫ್ರೇಮ್ ಬರುವುದು 12ರಿಂದ 15 ಫ್ರೇಮಿಗೊಮ್ಮೆ, ಅಂದರೆ ಸುಮಾರು ಅರ್ಧ ಸೆಕೆಂಡಿಗೊಮ್ಮೆ. ಎನ್‌ಕೋಡ್ ಮಾಡದೆ ಕತ್ತರಿಸುವಾಗ ನಿಯಮ ಒಂದೇ: ಕತ್ತರಿ ಬಿದ್ದ ಮೇಲೆ ಕಾಣುವ ಮೊದಲ ಫ್ರೇಮ್ ಐ-ಫ್ರೇಮ್ ಆಗಿರಬೇಕು. ಹೊರಹೋಗುವ ಕಡೆ ಇಷ್ಟು ಬಿಗಿಯಿಲ್ಲ, ಬಿ-ಫ್ರೇಮಿನ ನಡುವೆ ಕಡಿಯದಿದ್ದರೆ ಸಾಕು.

ಓವರ್ ಮುಗಿಯಿತು ಎಂದುಕೊಳ್ಳಿ. ಅಂಪೈರ್ ಟೋಪಿ ಹಿಂದಿರುಗಿಸುತ್ತಿದ್ದಾನೆ, ಚಿತ್ರ ಜಾಹೀರಾತಿಗೆ ಹೊರಳಿತು. ಅವಿಡೆಮಕ್ಸ್ ಎಂಬ ಎಡಿಟರಿನಲ್ಲಿ ತೆಗೆಯಬೇಕಾದ ಭಾಗದ ಶುರುವಿಗೆ ‘ಎ’ ಗುರುತು ಅಲ್ಲಿ ಹಾಕಿ. ಎಡ-ಬಲ ಬಾಣದ ಕೀ ಒಂದೊಂದೇ ಫ್ರೇಮ್ ಸರಿಸುತ್ತದೆ, ಮೇಲೆ-ಕೆಳಗಿನದು ಐ-ಫ್ರೇಮಿನಿಂದ ಐ-ಫ್ರೇಮಿಗೆ ಹಾರುತ್ತದೆ. ಜಾಹೀರಾತು ಮುಗಿದು ಬೌಲರ್ ಓಟ ಶುರುಮಾಡಿದ ಜಾಗ ಸಿಕ್ಕಿತು, ಆದರೆ ನಿಂತಿರುವುದು ಪಿ-ಫ್ರೇಮಿನ ಮೇಲೆ. ಇಲ್ಲಿ ‘ಬಿ’ ಗುರುತು ಹಾಕಿದರೆ ಮುಂದಿನ ಐ-ಫ್ರೇಮ್ ಬರುವ ತನಕ ಜಾಹೀರಾತಿನ ಬಣ್ಣಗಳು ಮೈದಾನದ ಮೇಲೆ ಕಲಸಿಹೋಗಿ ಬೌಲರ್ ದೆವ್ವದಂತೆ ಕಾಣುತ್ತಾನೆ. ಹಿಂದಿನ ಐ-ಫ್ರೇಮಿಗೆ ಹೋಗಿ, ಅಲ್ಲಿ ಗುರುತು ಹಾಕಿ. ಬೌಲರ್ ಇನ್ನೂ ಚೆಂಡನ್ನು ತೊಡೆಗೆ ಉಜ್ಜುತ್ತಿರುವುದು ಅರ್ಧ ಸೆಕೆಂಡು ಹೆಚ್ಚಿಗೆ ಉಳಿಯುತ್ತದೆ, ಅದರಿಂದ ನೋಡುವವರಿಗೆ ಲಾಭವೇ. ಕ್ರೀಡೆಯಲ್ಲಿ ಪ್ರವೇಶವನ್ನು ಮುಂಚಿತವಾಗಿ ಇಡುವುದೇ ಸರಿ. ಕಣ್ಣಿಗೆ ಮೈದಾನ ಗುರುತಾಗಲು ಅಷ್ಟು ಹೊತ್ತು ಬೇಕು.

ಇಷ್ಟಾದರೂ ಕೆಲವೊಮ್ಮೆ ಸೇರುವೆಯಲ್ಲಿ ಮಿಂಚಿದಂತೆ ಒಂದೆರಡು ಕೆಟ್ಟ ಫ್ರೇಮ್ ಬರುತ್ತದೆ. ಒಂದು ಐ-ಫ್ರೇಮಿನಿಂದ ಮುಂದಿನ ಐ-ಫ್ರೇಮಿನವರೆಗಿನದು ಒಂದು ಗುಂಪು. ಅನೇಕ ರೆಕಾರ್ಡರುಗಳು ಈ ಗುಂಪುಗಳನ್ನು ತೆರೆದಿಟ್ಟು ಬರೆಯುತ್ತವೆ. ಐ-ಫ್ರೇಮಿನ ಹಿಂದೆಯೇ ಬಂದು, ತೋರಿಸುವಾಗ ಅದಕ್ಕಿಂತ ಮೊದಲು ಕಾಣುವ ಎರಡು ಬಿ-ಫ್ರೇಮುಗಳು ಹಿಂದಿನ ಗುಂಪನ್ನು ನೆಚ್ಚಿರುತ್ತವೆ, ಆ ಗುಂಪನ್ನು ನಾವು ಕತ್ತರಿಸಿ ಎಸೆದಾಗಿದೆ. ಈ ಕೆಲಸಕ್ಕೆಂದೇ ಬರೆದ ಎಂಪೆಗ್ ಎಡಿಟರುಗಳು ಆ ಎರಡನ್ನೂ ತೆಗೆದುಹಾಕುತ್ತವೆ. ವಿಡಿಯೊರೀಡೂ, ವೊಂಬಲ್‌ನಂಥವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸೇರುವೆಯ ಗುಂಪನ್ನು ಮಾತ್ರ ಎನ್‌ಕೋಡ್ ಮಾಡಿ ಮಿಕ್ಕದ್ದನ್ನು ಹಾಗೇ ನಕಲಿಸುತ್ತವೆ, ಹಾಗಾಗಿ ಯಾವ ಫ್ರೇಮಿನ ಮೇಲೆ ಬೇಕಾದರೂ ಕತ್ತರಿ ಹಾಕಬಹುದು. ಕಬಡ್ಡಿಯಲ್ಲಿ ರೈಡರ್ ಗೆರೆ ದಾಟುವ ಕ್ಷಣದಿಂದಲೇ ಬೇಕು ಎನ್ನುವವರಿಗೆ ಇದು. ಓವರಿನ ನಡುವಿನ ಬಿಡುವು ತೆಗೆಯಲು ಇದರ ಅಗತ್ಯವಿಲ್ಲ.

ಧ್ವನಿಯ ಲೆಕ್ಕ ಯಾರ ಗಮನಕ್ಕೂ ಬಾರದೆ ಕೆಡುವಂಥದ್ದು. ಪ್ಯಾಲ್ ಚಿತ್ರದ ಒಂದು ಫ್ರೇಮ್ 40 ಮಿಲಿಸೆಕೆಂಡು, ಡಾಲ್ಬಿ ಡಿಜಿಟಲ್ ಧ್ವನಿಯ ಒಂದು ಫ್ರೇಮ್ 32 ಮಿಲಿಸೆಕೆಂಡು. ಎರಡೂ ಒಂದೇ ಜಾಗದಲ್ಲಿ ಮುಗಿಯುವುದು ಅಪರೂಪ. ಪ್ರತಿ ಕತ್ತರಿಯಲ್ಲೂ 16 ಮಿಲಿಸೆಕೆಂಡಿನವರೆಗೆ ಹೆಚ್ಚುಕಡಿಮೆ ಉಳಿಯುತ್ತದೆ. ಒಂದೆರಡು ಕಡೆಯಾದರೆ ಕಿವಿಗೆ ತಿಳಿಯುವುದಿಲ್ಲ. ಏಕದಿನ ಪಂದ್ಯದ ಒಂದು ಇನಿಂಗ್ಸನ್ನು ಬರೀ ಎಸೆತಗಳಿಗೆ ಇಳಿಸುವುದಾದರೆ ಮಾತು ಬೇರೆ. 300 ಎಸೆತ, ಒಂದೊಂದಕ್ಕೆ 18 ಸೆಕೆಂಡು ಎಂದರೂ ಸರಿಯಾಗಿ 90 ನಿಮಿಷ, ಆದರೆ ಕತ್ತರಿಗಳೂ 300. ತಪ್ಪೆಲ್ಲ ಒಂದೇ ಕಡೆಗೆ ವಾಲಿದರೆ ಕೊನೆಯ ಓವರಿನ ಹೊತ್ತಿಗೆ ಧ್ವನಿ ಸುಮಾರು ಐದು ಸೆಕೆಂಡು ಹಿಂದೆಬಿದ್ದಿರುತ್ತದೆ. ಸ್ಟಂಪ್ ಹಾರಿದ ಮೇಲೆ ಎಷ್ಟೋ ಹೊತ್ತಿಗೆ ಜನ ಕೂಗುತ್ತಾರೆ. ಒಳ್ಳೆಯ ತಂತ್ರಾಂಶ ಒಂದು ಕತ್ತರಿಯ ಬಾಕಿಯನ್ನು ಮುಂದಿನದಕ್ಕೆ ಸೇರಿಸಿ ಸರಿದೂಗಿಸುತ್ತದೆ. ನಿಮ್ಮದು ಹಾಗೆ ಮಾಡುತ್ತದೆಯೋ ಎಂದು ತಿಳಿಯಲು ಮೊದಲು ಮೂವತ್ತು ಕತ್ತರಿಗಳ ಚೂರು ಮಾಡಿ, ಕೊನೆಯಲ್ಲಿ ಬ್ಯಾಟಿಗೆ ಚೆಂಡು ತಗಲುವ ಸದ್ದನ್ನು ಗಮನಿಸಿ. ತುಟಿ ನೋಡಿ ಹೊಂದಿಸುವುದಕ್ಕಿಂತ ಇದು ಖಚಿತ.

ಹೊಸ ಡಿಸ್ಕಿನಲ್ಲಿ ಎಷ್ಟು ಹಿಡಿಯುತ್ತದೆ? ಒಂದು ಪದರದ ಡಿಸ್ಕಿನ 4.7 ಜಿಬಿ ಎಂಬುದು ಸಾವಿರದ ಲೆಕ್ಕ. ಕಂಪ್ಯೂಟರ್ ಎಣಿಸುವ ರೀತಿಯಲ್ಲಿ ಅದು 4.38. ಎರಡು ಗಂಟೆಗೆ ಹರಡಿದರೆ ಸೆಕೆಂಡಿಗೆ ಒಟ್ಟು 5200 ಕಿಲೋಬಿಟ್ ಸಿಗುತ್ತದೆ, ಒಂದೂವರೆ ಗಂಟೆಗಾದರೆ 6900. ಇದರಲ್ಲಿ ಧ್ವನಿಗೆ 256, ಪ್ಯಾಕಿಂಗ್ ಖರ್ಚಿಗೆ ಎರಡು ಮೂರು ಶೇಕಡಾ ಕಳೆಯಿರಿ. ರೆಕಾರ್ಡರಿನ ಎಕ್ಸ್‌ಪಿ, ಎಸ್‌ಪಿ, ಎಲ್‌ಪಿ, ಇಪಿ ಎಂಬ ಗುಂಡಿಗಳು ಈ ಲೆಕ್ಕದವೇ: ಕ್ರಮವಾಗಿ 1, 2, 4, 6 ಗಂಟೆ. ಎಲ್‌ಪಿಯಲ್ಲಿ ಬರೆದ ಮೂರೂವರೆ ಗಂಟೆಯ ಇನಿಂಗ್ಸಿನಿಂದ ಬಿಡುವು, ಜಾಹೀರಾತು ತೆಗೆದು ಎರಡು ಗಂಟೆ ನಲವತ್ತು ನಿಮಿಷಕ್ಕೆ ತಂದರೆ ಅದು 3.1 ಜಿಬಿ ಆಸುಪಾಸಿಗೆ ಬರುತ್ತದೆ. ಡಿಸ್ಕಿನಲ್ಲಿ ಜಾಗ ಮಿಕ್ಕಿತು ಎಂದು ಹೆಚ್ಚಿನ ಬಿಟ್‌ರೇಟಿಗೆ ಎನ್‌ಕೋಡ್ ಮಾಡಿದರೆ ಚಿತ್ರ ಒಂದಿಷ್ಟೂ ಸುಧಾರಿಸುವುದಿಲ್ಲ, ಹೋದದ್ದು ಹೋಗಿಯಾಗಿದೆ. ಮಿಕ್ಕ ಜಾಗ ಖಾಲಿಯಿರಲಿ. ಹೊರ ಅಂಚು ಖಾಲಿ ಉಳಿಯುವುದು ಈ ಬರಹದ ಮೊದಲ ಸಾಲುಗಳಲ್ಲಿ ಹೇಳಿದ ಕಾರಣಕ್ಕೆ ಒಳ್ಳೆಯದೇ. ಎಕ್ಸ್‌ಪಿಯಲ್ಲಿ ಬರೆದ ಡಿಸ್ಕ್ ಆದರೆ ಧ್ವನಿ ಯಾವುದಿದೆ ನೋಡಿ. ಕೆಲವು ರೆಕಾರ್ಡರುಗಳು ಅದರಲ್ಲಿ ಹಿಂಡದ ಪಿಸಿಎಂ ಧ್ವನಿ ಬರೆಯುತ್ತವೆ, ಅದಕ್ಕೆ ಸೆಕೆಂಡಿಗೆ 1536 ಕಿಲೋಬಿಟ್ ಬೇಕು. ಧ್ವನಿಯನ್ನು ಮಾತ್ರ 256ರ ಡಾಲ್ಬಿಗೆ ಇಳಿಸಿದರೆ ತೊಂಬತ್ತು ನಿಮಿಷದಲ್ಲಿ 860 ಎಂಬಿಗೂ ಹೆಚ್ಚು ಉಳಿಯುತ್ತದೆ, ಚಿತ್ರಕ್ಕೆ ಕೈ ಹಚ್ಚುವ ಪ್ರಮೇಯವೇ ಬಾರದೆ ಇರಬಹುದು. ಅಷ್ಟಾದರೂ ಹಿಡಿಯದಿದ್ದರೆ? ಕುಗ್ಗಿಸುವ ತಂತ್ರಾಂಶಗಳನ್ನು ದೂರವಿಡಿ, ಎರಡು ಡಿಸ್ಕ್ ಬಳಸಿ. ಇನಿಂಗ್ಸ್ ಬ್ರೇಕ್, ಹಾಫ್‌ಟೈಮ್ ಇರುವುದೇ ಡಿಸ್ಕ್ ಬದಲಿಸಲಿಕ್ಕೆ.

ಎನ್‌ಕೋಡ್ ಮಾಡಲೇಬೇಕಾದ ಒಂದು ಸಂದರ್ಭವಿದೆ: ನಿಧಾನಗತಿಯ ಚೂರು. ಕ್ರೀಡಾ ರೆಕಾರ್ಡಿಂಗ್ ಇಂಟರ್‌ಲೇಸ್ ಆಗಿರುತ್ತದೆ. ಸೆಕೆಂಡಿಗೆ 25 ಫ್ರೇಮ್ ಎಂದರೂ ಒಂದೊಂದರಲ್ಲಿ ಬೇರೆ ಬೇರೆ ಕ್ಷಣದ ಎರಡು ಅರ್ಧಚಿತ್ರಗಳು ಹೆಣೆದುಕೊಂಡಿರುತ್ತವೆ, ಹೀಗೆ ಒಟ್ಟು 50 ಕ್ಷಣ. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಸೆಕೆಂಡಿನ ಇಪ್ಪತ್ತೈದನೇ ಭಾಗದಲ್ಲಿ ಒಂದೂವರೆ ಮೀಟರ್ ದಾಟುತ್ತದೆ, ಐವತ್ತನೇ ಭಾಗದಲ್ಲಿ ಮುಕ್ಕಾಲು ಮೀಟರ್. ಹೆಣೆದ ಅರ್ಧಚಿತ್ರಗಳನ್ನು ಬಿಡಿಸುವ ಕೆಲಸಕ್ಕೆ ಡಿಇಂಟರ್‌ಲೇಸ್ ಎನ್ನುತ್ತಾರೆ. ಸಾಮಾನ್ಯ ಡಿಇಂಟರ್‌ಲೇಸ್ ಅರ್ಧದಷ್ಟು ಕ್ಷಣಗಳನ್ನು ಎಸೆದುಬಿಡುತ್ತದೆ. ಬಾಬ್ ಎಂಬ ವಿಧಾನ ಪ್ರತಿ ಅರ್ಧಚಿತ್ರವನ್ನೂ ಪೂರ್ತಿ ಫ್ರೇಮ್ ಮಾಡಿ 50 ಫ್ರೇಮ್ ಕೊಡುತ್ತದೆ. ಅದನ್ನು 25ರ ವೇಗದಲ್ಲಿ ಓಡಿಸಿದರೆ ಅರ್ಧ ವೇಗದ, ಜರ್ಕ್ ಇಲ್ಲದ ಮರುನೋಟ ಸಿಗುತ್ತದೆ, ಇಲ್ಲದ ಫ್ರೇಮನ್ನು ಕಲ್ಪಿಸಿ ತುಂಬುವ ಕೆಲಸವೇ ಬೇಡ. ಎಫ್‌ಎಫ್‌ಎಂಪೆಗ್‌ನ ಬಿಡಬ್ಲ್ಯೂಡಿಐಎಫ್ ಫಿಲ್ಟರ್ ಇದಕ್ಕೆ ಸಾಕು. ಸಮಯವಿದ್ದು ಇನ್ನೂ ಚೊಕ್ಕವಾಗಿ ಬೇಕಾದರೆ ಅವಿಸಿಂತ್‌ನ ಕ್ಯೂಟಿಜಿಎಂಸಿ.

ಯಾವ ಅರ್ಧಚಿತ್ರ ಮೊದಲು ಎಂಬುದು ತಪ್ಪಬಾರದು. ರೆಕಾರ್ಡರಿನ ಎಂಪೆಗ್-2ರಲ್ಲಿ ಸಾಮಾನ್ಯವಾಗಿ ಮೇಲಿನದು ಮೊದಲು, ಡಿವಿ ಟೇಪಿನಿಂದ ಬಂದದ್ದರಲ್ಲಿ ಕೆಳಗಿನದು ಮೊದಲು. ತಪ್ಪಿದರೆ ಓಡುವ ಆಟಗಾರ ಎರಡು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ ಇಟ್ಟಂತೆ ನಡುಗುತ್ತಾನೆ. ನಿಂತ ಚಿತ್ರದಲ್ಲಿ ಇದು ಗೊತ್ತೇ ಆಗುವುದಿಲ್ಲ, ಪರೀಕ್ಷಿಸಲು ವೇಗದ ಪ್ಯಾನ್ ಇರುವ ಶಾಟ್ ಆಯ್ದುಕೊಳ್ಳಿ. ಡಿಸ್ಕಿಗಾಗಿ ಮಾಡುವ ಮಿಕ್ಕ ಭಾಗವನ್ನು ಮಾತ್ರ ಡಿಇಂಟರ್‌ಲೇಸ್ ಮಾಡಲೇಬೇಡಿ, ಇದ್ದ ಹಾಗೇ ಇರಲಿ. ಫೋನಿಗೋ ಕಂಪ್ಯೂಟರಿಗೋ ಬೇರೆ ಪ್ರತಿ ಬೇಕಾದರೆ ಆಗ ಬಾಬ್ ಮಾಡಿ 50 ಫ್ರೇಮಿನ ಎಚ್.264 ಕಡತ ಮಾಡಿಕೊಳ್ಳಿ. ಹ್ಯಾಂಡ್‌ಬ್ರೇಕಿನಲ್ಲೂ ಈ ಆಯ್ಕೆ ಇದೆ, ನಾವೇ ಹುಡುಕಿ ಒತ್ತಬೇಕು.

ಚೂರುಗಳನ್ನು ಡಿವಿಡಿಯಾಗಿ ಕಟ್ಟುವುದಕ್ಕೆ ಡಿವಿಡಿಸ್ಟೈಲರ್ ಸಾಕು. ಅದರ ಒಳಗೆ ಕೆಲಸ ಮಾಡುವುದು ಡಿವಿಡಿಆಥರ್. ವಿಡಿಯೊ ಸೇರಿಸಿದ ಮೇಲೆ ಅದರ ಗುಣಗಳ ಕಿಟಕಿ ತೆರೆದು ಚಿತ್ರ, ಧ್ವನಿ ಎರಡರ ಎದುರೂ ‘ನಕಲು’ ಎಂಬ ಆಯ್ಕೆ ಇದೆಯೇ ನೋಡಿ. ಇಲ್ಲದಿದ್ದರೆ ಅದು ಸದ್ದಿಲ್ಲದೆ ಎನ್‌ಕೋಡ್ ಮಾಡಿಬಿಡುತ್ತದೆ, ಇಷ್ಟು ಹೊತ್ತು ಪಟ್ಟ ಪಾಡು ನೀರಿನಲ್ಲಿ ಹೋಮ. ಒಂದು ಟೈಟಲ್ ಸೆಟ್ಟಿನೊಳಗಿನ (ಒಟ್ಟಿಗೆ ಇಟ್ಟ ಟೈಟಲುಗಳ ಕಟ್ಟಿನೊಳಗಿನ) ವಿಡಿಯೊ ಎಲ್ಲ ಒಂದೇ ಗಾತ್ರ, ಒಂದೇ ಆಕಾರ, ಒಂದೇ ಬಗೆಯ ಧ್ವನಿಯದಾಗಿರಬೇಕು. ಮೊದಲಾರ್ಧ ಎಸ್‌ಪಿಯಲ್ಲಿ 720×576, ಡಿಸ್ಕ್ ಮುಗಿಯಬಹುದೆಂಬ ಹೆದರಿಕೆಯಿಂದ ದ್ವಿತೀಯಾರ್ಧ ಎಲ್‌ಪಿಯಲ್ಲಿ 352×576 ಆಗಿದ್ದರೆ ಎರಡನ್ನೂ ಒಂದೇ ಟೈಟಲ್ ಮಾಡಲಾಗದು. ಬೇರೆ ಬೇರೆ ಸೆಟ್ಟಿನಲ್ಲಿ ಹಾಕಿ ಒಂದು ಮುಗಿದೊಡನೆ ಇನ್ನೊಂದಕ್ಕೆ ಹೋಗುವಂತೆ ಮಾಡಬಹುದು, ನಡುವೆ ಒಂದು ಕ್ಷಣದ ತಡೆ ಬರುತ್ತದೆ ಅಷ್ಟೆ. 4:3, 16:9ರ ಗುರುತನ್ನೂ ಇಲ್ಲೇ ನೋಡಿಕೊಳ್ಳಿ. ತಪ್ಪಿದರೆ ಆಟಗಾರರೆಲ್ಲ ಸಣಕಲಾಗಿ, ಚೆಂಡು ಮೊಟ್ಟೆಯಾಕಾರವಾಗಿ ಕಾಣುತ್ತದೆ.

ಚಾಪ್ಟರುಗಳನ್ನು ರೆಕಾರ್ಡರ್ ಐದು ಹತ್ತು ನಿಮಿಷಕ್ಕೊಂದರಂತೆ ಕುರುಡಾಗಿ ಇಟ್ಟಿರುತ್ತದೆ, ಅವನ್ನೆಲ್ಲ ತೆಗೆದುಹಾಕಿ. ಒಂದು ಟೈಟಲಿಗೆ 99 ಚಾಪ್ಟರ್ ಮಿತಿ. 50 ಓವರಿನ ಇನಿಂಗ್ಸಿಗೆ ಓವರಿಗೊಂದು ಇಟ್ಟರೂ ವಿಕೆಟ್ಟುಗಳಿಗೆ ಜಾಗ ಉಳಿಯುತ್ತದೆ. ಓವರ್ ಸಂಖ್ಯೆಯೇ ಚಾಪ್ಟರ್ ಸಂಖ್ಯೆಯಾಗಬೇಕಾದರೆ ವಿಕೆಟ್ಟಿನ ಗುರುತುಗಳನ್ನು ನಡುವೆ ತೂರಿಸಬೇಡಿ. ರಿಮೋಟಿನಲ್ಲಿ 43 ಒತ್ತಿದರೆ 43ನೇ ಓವರ್ ಬರುವ ಸುಖ ಯಾವ ಚೆಂದದ ಮೆನುವಿನಲ್ಲೂ ಇಲ್ಲ.

ಬರ್ನ್ ಮಾಡುವಾಗ ವಿಡಿಯೊ_ಟಿಎಸ್ ಫೋಲ್ಡರನ್ನು ಇಮ್ಗ್‌ಬರ್ನ್‌ನ ಬಿಲ್ಡ್ ವಿಭಾಗಕ್ಕೆ ಕೊಡಿ. ಅದು ವಿಡಿಯೊ ಡಿಸ್ಕ್ ಎಂದು ಗುರುತಿಸಿ ಡಿವಿಡಿ ಪ್ಲೇಯರುಗಳಿಗೆ ಬೇಕಾದ ಐಎಸ್‌ಒ9660 ಜೊತೆ ಯುಡಿಎಫ್ 1.02 ಎಂಬ ಕಡತ ವ್ಯವಸ್ಥೆಗೆ ತಾನೇ ಹೊಂದಿಸಿಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಫೋಲ್ಡರನ್ನು ಎಳೆದು ಡಿಸ್ಕಿನ ಮೇಲೆ ಬಿಟ್ಟರೆ ಅದು ಪೆನ್ ಡ್ರೈವಿನ ರೀತಿಯಲ್ಲಿ ಬರೆಯಬಹುದು; ಕಂಪ್ಯೂಟರಿನಲ್ಲಿ ಓಡುತ್ತದೆ, ಟಿವಿಯ ಪ್ಲೇಯರ್ ಮುಖ ತಿರುಗಿಸುತ್ತದೆ. ಹಳೆಯ ಪ್ಲೇಯರಿಗೆ ಡಿವಿಡಿ-ಆರ್ ಹೆಚ್ಚು ಹೊಂದುತ್ತದೆ. ಡಿವಿಡಿ+ಆರ್ ಬಳಸುವುದಾದರೆ ಬುಕ್ ಟೈಪನ್ನು (ಡಿಸ್ಕ್ ಯಾವ ಬಗೆಯದು ಎಂದು ಪ್ಲೇಯರಿಗೆ ಹೇಳುವ ಗುರುತನ್ನು) ಡಿವಿಡಿ-ರೋಮ್ ಎಂದು ಬದಲಿಸಿ, ಡ್ರೈವ್ ಒಪ್ಪಿದರೆ. ಎರಡು ಪದರದ ಡಿಸ್ಕಿನಲ್ಲಿ ಪದರ ಬದಲಾಗುವ ಜಾಗ ಎಲ್ಲಿರಲಿ ಎಂದು ಕೇಳಿದಾಗ ಸಿಕ್ಕ ಆಯ್ಕೆಗಳಲ್ಲಿ ಓವರ್ ಮುಗಿದ ಜಾಗ ಹುಡುಕಿ, ಪ್ಲೇಯರ್ ಅಲ್ಲಿ ಒಂದು ಗಳಿಗೆ ತಡೆಯುತ್ತದೆ. ವೇಗದ ಬಗ್ಗೆ ಜಗಳ ಬಹಳ ಇದೆ. 16 ಪಟ್ಟು ವೇಗದ ಡಿಸ್ಕಿಗೆ 8 ಪಟ್ಟು ಹಿತ ಎಂಬುದು ನನ್ನ ಪಕ್ಷ. ತೀರಾ ನಿಧಾನ ಮಾಡಿದರೆ ಒಳ್ಳೆಯದಾಗುತ್ತದೆ ಎಂಬುದು ಹಳೆಯ ಕಾಲದ ಡಿಸ್ಕುಗಳಿಂದ ಉಳಿದ ನಂಬಿಕೆ. ಈಗಿನ ಡಿಸ್ಕಿನ ಬಣ್ಣದ ಪದರವನ್ನು ಹೆಚ್ಚಿನ ವೇಗಕ್ಕೇ ಹದಮಾಡಿರುತ್ತಾರೆ. ಬರೆದ ಮೇಲೆ ವೆರಿಫೈ, ಅಂದರೆ ಓದಿ ತಾಳೆ ನೋಡುವ ಕೆಲಸ, ಮಾಡುವ ಗುರುತನ್ನು ತೆಗೆಯಬೇಡಿ.

ವೆರಿಫೈ ಪಾಸಾಯಿತು ಎಂದರೆ ಈ ಡ್ರೈವ್ ಇವತ್ತು ಓದಿತು ಎಂದಷ್ಟೇ. ಡಿಸ್ಕನ್ನು ಟಿವಿಯ ಪ್ಲೇಯರಿಗೆ ಹಾಕಿ, ಮೊದಲ ಚಾಪ್ಟರ್ ನೋಡಿ ತೃಪ್ತಿಪಡದೆ ನೇರವಾಗಿ ಕೊನೆಯದಕ್ಕೆ ಜಿಗಿದು ಐದು ನಿಮಿಷ ಓಡಿಸಿ. ತಡವರಿಸದೆ ಓಡಿದರೆ ಸರಿ. ಹೆಸರು ಬರೆಯಲು ನೀರಿನ ಶಾಯಿಯ, ಮೆತ್ತನೆ ತುದಿಯ ಪೆನ್ ಬಳಸಿ, ಒಳಗಿನ ಪಾರದರ್ಶಕ ಉಂಗುರದ ಮೇಲೆ ಬರೆದರೆ ಇನ್ನೂ ಕ್ಷೇಮ. ಕಾಗದದ ಸ್ಟಿಕ್ಕರ್ ಬೇಡ, ಅದು ಒಂದು ಬದಿ ಎದ್ದರೆ ತಿರುಗುವಾಗ ಡಿಸ್ಕ್ ಅದುರುತ್ತದೆ, ಅದುರು ಹೆಚ್ಚು ಇರುವುದೂ ಅಂಚಿನಲ್ಲೇ. ಹಳೆಯ ಡಿಸ್ಕನ್ನು ಎಸೆಯಬೇಡಿ. ಐಎಸ್‌ಒ ಇಮೇಜನ್ನೂ ಕತ್ತರಿಸಿದ ಎಂಪೆಗ್ ಕಡತವನ್ನೂ ಹಾರ್ಡ್ ಡಿಸ್ಕಿನಲ್ಲಿ ಉಳಿಸಿ, ಜೊತೆಗೆ ಪಂದ್ಯದ ದಿನಾಂಕ, ರೆಕಾರ್ಡಿಂಗ್ ಮೋಡ್, ಓದಲಾಗದೆ ಉಳಿದ ಜಾಗ ಯಾವ ಓವರಿನಲ್ಲಿದೆ ಎಂಬುದನ್ನು ಒಂದು ಟೆಕ್ಸ್ಟ್ ಕಡತದಲ್ಲಿ ಬರೆದಿಡಿ. ಅದೇ ಪಂದ್ಯದ ಇನ್ನೊಂದು ರೆಕಾರ್ಡಿಂಗ್ ಮುಂದೆಂದಾದರೂ ಸಿಕ್ಕರೆ ತುಂಬಬೇಕಾದ್ದು ಆ ಅರ್ಧ ಸೆಕೆಂಡು ಮಾತ್ರ.